ಎಲೆಮನೆಯ ಸೀತಾಳೆ

ನಮ್ಮೂರಲ್ಲಿ ಯಾರಾದರೂ ಸತ್ತರೆ ಹನ್ನೊಂದನೆಯ ದಿನ ಆ ಮನೆಗೆ ಒಂದು ಗಿಡ ಬರುತ್ತದೆ. ಹೂವಾಡಗಿತ್ತಿ ತರುತ್ತಾಳೆ. ಮಣ್ಣು ಬೇಡದ ಗಿಡ ಅದು. ಒಂದು ಮರದ ತುಂಡನ್ನು ಬೇರಿನಿಂದ ತಬ್ಬಿಕೊಂಡು ಗಾಳಿಯಲ್ಲೇ ಬದುಕುತ್ತದೆ. ನಾವು ಸೀತಾಳೆ ಅನ್ನುತ್ತೇವೆ. ಹೊರಗಿನಿಂದ ಬಂದವನೊಬ್ಬ ಅದನ್ನು ಆರ್ಕಿಡ್ ಅಂದನಂತೆ. ಅವನ ಬಾಯಿಗೆ ಹಾಗೆ ಬಂದಿರಬೇಕು, ಅನ್ನಲಿ ಬಿಡಿ.

ಹೂವಾಡಗಿತ್ತಿ ಹೊಸ್ತಿಲಾಚೆ ನಿಂತು, "ಯಾರು ಈಸಿಕೊಳ್ತೀರಿ?" ಅಂತ ಕೇಳುತ್ತಾಳೆ. ಮನೆಯವರಲ್ಲಿ ಒಬ್ಬರು ಕೈ ಚಾಚಬೇಕು. ಚಾಚಿದ ಕೈಯೇ ಇನ್ನು ಮುಂದೆ ಆ ಗಿಡವನ್ನು ಮುಟ್ಟಬೇಕು, ಬೇರೆ ಕೈ ಮುಟ್ಟುವಂತಿಲ್ಲ. ಆಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ, ಬೇರಿನ ಹತ್ತಿರ ಬಾಯಿ ತಂದು, ತಮ್ಮ ತಮ್ಮ ಹೆಸರು ಹೇಳಬೇಕು. ಒಂದೇ ಸಲ. ಅಲ್ಲಿಗೆ ಮುಗಿಯಿತು. ಗಿಡ ಹೂವು ಬಿಡುವ ತನಕ ಆ ಮನೆಯಲ್ಲಿ ಯಾರೂ ಯಾರ ಹೆಸರನ್ನೂ ಹೇಳುವಂತಿಲ್ಲ. ಬೀದಿಯವರೂ ಹೇಳುವಂತಿಲ್ಲ. ಸತ್ತವರ ಹೆಸರೂ ಇಲ್ಲ, ಇದ್ದವರ ಹೆಸರೂ ಇಲ್ಲ. ಹೂವು ಬಿಟ್ಟ ದಿನ, ಗಿಡ ಈಸಿಕೊಂಡವರು ಹೂವನ್ನು ಹೊಳೆಗೆ ಬಿಟ್ಟು ಬಂದು, ಹೊಸ್ತಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಮನೆಯವರ ಹೆಸರು ಕೂಗುತ್ತಾರೆ. ಅವತ್ತಿನಿಂದ ಆ ಮನೆಯವರು ಮತ್ತೆ ನಾಲ್ಕು ಜನರ ಹಾಗೆ ನಗಬಹುದು, ಅಳಬಹುದು, ಮದುವೆ ಮಾಡಿಕೊಳ್ಳಬಹುದು.

ನಮ್ಮಪ್ಪ ಸತ್ತಾಗ ನನಗೆ ಮೂರು ವರ್ಷ. ಮನೆಯಲ್ಲಿ ಉಳಿದವರು ಇಬ್ಬರೇ, ಅವ್ವ ಮತ್ತು ನಾನು. ಕೈ ಚಾಚಿದವಳು ಅವ್ವ. ನನಗಿನ್ನೂ ನಾಲಿಗೆ ತಿರುಗುತ್ತಿರಲಿಲ್ಲ ಅಂತ ನನ್ನ ಹೆಸರನ್ನೂ ಅವಳೇ ಬಗ್ಗಿ ಹೇಳಿದಳಂತೆ. ಇನ್ನೊಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಮಗುವಿಗೆ ಐದು ತುಂಬುವ ತನಕ ಅದರ ಹೆಸರು ಅಪ್ಪ ಅವ್ವನ ನಡುವೆಯೇ ಇರುತ್ತದೆ, ದೃಷ್ಟಿಯಾಗದಿರಲಿ ಅಂತ. ಬೀದಿಯ ಪಾಲಿಗೆ ಅದು ಬರೀ ಕೂಸು. ಹಾಗಾಗಿ ನನ್ನ ಹೆಸರು ಗೊತ್ತಿದ್ದವರು ಈ ಲೋಕದಲ್ಲಿ ಇಬ್ಬರು. ಒಬ್ಬರು ಹೋದರು. ಇನ್ನೊಬ್ಬಳು ಹೇಳುವಂತಿರಲಿಲ್ಲ. ಮೂರು ವರ್ಷದವಳ ನೆನಪು ಅಂದರೆ ಎಷ್ಟು? ನನಗೆ ನನ್ನ ಹೆಸರು ಗೊತ್ತಿರಲಿಲ್ಲ.

ಬೇರೆ ಮನೆಗಳಲ್ಲಿ ಗಿಡ ಒಂದು ವರ್ಷಕ್ಕೆ ಹೂವು ಬಿಡುತ್ತದೆ. ಹೆಚ್ಚೆಂದರೆ ಎರಡು. ನಮ್ಮ ಮನೆಯ ಗಿಡ ಹತ್ತೊಂಬತ್ತು ವರ್ಷ ಬಿಡಲಿಲ್ಲ.

ಗಿಡ ಸೊರಗಿತ್ತು ಅಂದುಕೊಳ್ಳಬೇಡಿ. ಅಯ್ಯೋ, ಅಂಥ ಗಿಡ ಊರಿಗೆ ಊರೇ ಹುಡುಕಿದರೂ ಇರಲಿಲ್ಲ. ಮೊಳಕೈಯುದ್ದದ ಎಲೆಗಳು, ಒಂದರ ಮೇಲೊಂದು, ಕಪ್ಪು ಅನ್ನಿಸುವಷ್ಟು ಹಸಿರು. ಒಂದು ತುಂಡು ಮರ ಸಾಲದೆ ಎರಡಾಗಿ, ಎರಡು ಸಾಲದೆ ಅಪ್ಪನ ಮಂಚದ ಕಾಲನ್ನೇ ತಬ್ಬಿಕೊಂಡು ಬೆಳೆದಿತ್ತು. ಊರಿನವರು ನಮ್ಮ ಮನೆಯನ್ನು ಎಲೆಮನೆ ಅಂತಲೇ ಕರೆದರು. ನಾನು ಎಲೆಮನೆ ಹುಡುಗಿ. ಮನೆಯೊಳಗೆ ನಾನು "ಇವಳೇ".

ಅವ್ವನ ದಿನ ಹೀಗಿರುತ್ತಿತ್ತು. ಸೂರ್ಯ ಹುಟ್ಟುವ ಮೊದಲು ಎದ್ದು, ಅಪ್ಪನ ಹಳೆ ಪಂಚೆಯ ತುಂಡನ್ನು ಒದ್ದೆ ಮಾಡಿ, ಒಂದೊಂದೇ ಎಲೆ ಒರೆಸುವಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಅಕ್ಕಿ ತೊಳೆದು ಮೊದಲ ಅಕ್ಕಚ್ಚು ಗಿಡಕ್ಕೆ, ಎರಡನೆಯ ಅಕ್ಕಚ್ಚೂ ಗಿಡಕ್ಕೆ. ಹಸುವಿನ ಗಂಜಲ ತಂದು ನೀರಿಗೆ ಬೆರೆಸಿ ಅದೂ ಗಿಡಕ್ಕೆ. ಕಿಟಕಿಗೆ ಕಪ್ಪು ಸೀರೆ ಕಟ್ಟಿದಳು. "ಅವರಿಗೆ ಬಿಸಿಲು ಆಗ್ತಿರಲಿಲ್ಲ," ಅಂದಳು. ಚಳಿಗಾಲ ಬಂದರೆ ಗಿಡಕ್ಕೆ ಕಂಬಳಿ ಹೊದೆಸಿದಳು. "ಅವರಿಗೆ ಚಳಿ ಆಗ್ತಿರಲಿಲ್ಲ," ಅಂದಳು. ಸಂಜೆ ಮತ್ತೆ ಎಲೆ ಒರೆಸುವಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಮುಟ್ಟುವಂತಿರಲಿಲ್ಲವಲ್ಲ.

ಬೇರೆ ಬೀದಿಯ ಹೆಂಗಸರು ನೋಡಲಿಕ್ಕೆ ಬರುತ್ತಿದ್ದರು. ಬಾಯಿಯ ಮೇಲೆ ಕೈಯಿಟ್ಟು, "ಎಂಥಾ ಎಲೆ ತಾಯಿ! ಗಂಡನ್ನ ನೋಡ್ಕೊಂಡ್ರೆ ಹೀಗೆ ನೋಡ್ಕೋಬೇಕು," ಅನ್ನುವರು. ಅವತ್ತು ಸಂಜೆ ಒರೆಸುವಾಗ ಅವ್ವನ ಕೈ ಇನ್ನೂ ನಿಧಾನವಾಗುತ್ತಿತ್ತು. ಅವರು ಹೋದಮೇಲೆ ಒಲೆಯ ಮೇಲೆ ಉಪ್ಪು ಮೆಣಸಿನಕಾಯಿ ಹಾಕಿ ಗಿಡಕ್ಕೆ ದೃಷ್ಟಿ ತೆಗೆಯುವಳು. ಹೂವಿನ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಇಷ್ಟು ಎಲೆ ಇರುವ ಮೇಲೆ ಹೂವು ಎಲ್ಲಿಗೆ ಹೋಗುತ್ತದೆ, ಇವತ್ತಲ್ಲ ನಾಳೆ ಬರುತ್ತದೆ ಅಂತ ಎಲ್ಲರೂ ನಂಬಿದ್ದರು. ನಮ್ಮೂರಿನವರ ಬುದ್ಧಿ ಅಷ್ಟೇ.

ಎದುರು ಮನೆಯಲ್ಲಿ ಒಬ್ಬಳು ಗಂಡ ಸತ್ತವಳಿದ್ದಳು. ಮೂರು ಮಕ್ಕಳು, ಮೈತುಂಬ ಕೆಲಸ. ಅವಳು ತನ್ನ ಗಿಡವನ್ನು ಸೂರಿನ ಅಂಚಿಗೆ ನೇತುಹಾಕಿ ಮರೆತೇಬಿಟ್ಟಳು. ಅದು ಬಿಸಿಲು ಕಂಡಿತು, ಇಬ್ಬನಿ ಕಂಡಿತು, ಎಲೆ ಹಳದಿಗೆ ತಿರುಗಿ ಬೇರು ಬೆಳ್ಳಗೆ ಒಣಗಿತು. ನೋಡಿದವರು ಛೀಮಾರಿ ಹಾಕಿದರು. ಎಂಟನೆಯ ತಿಂಗಳಿಗೆ ಆ ದರಿದ್ರ ಗಿಡ ಒಂದು ಮಾರುದ್ದ ಹೂವು ಇಳಿಬಿಟ್ಟಿತು! ಅವಳು ಹೊಳೆಗೆ ಹೋಗಿ ಬಂದು, ಹೊಸ್ತಿಲ ಮೇಲೆ ನಿಂತು ಮೂರು ಮಕ್ಕಳ ಹೆಸರನ್ನೂ ಕೂಗಿ, ಅಲ್ಲೇ ಕುಸಿದು ಕೂತು, ಬಾಯಿ ಬಡಿದುಕೊಂಡು ಅತ್ತಳು. ಮಾರನೆಯ ದಿನದಿಂದ ಅವರ ಮನೆಯಲ್ಲಿ ಜಗಳದ ಸದ್ದು, ನಗುವಿನ ಸದ್ದು ಕೇಳಿಸತೊಡಗಿತು.

"ಹೂವಂತೆ ಹೂವು!" ಅಂದಳು ಅವ್ವ. "ಗಂಡನ್ನ ಉಪವಾಸ ಕೆಡವಿ ಹೂವು ತಗೊಂಡ್ಳು. ಅಂಥ ಹೂವು ನಮಗೆ ಬೇಡ ಕಣೇ ಇವಳೇ."

ನಾನು ಹೂಂ ಅಂದೆ. ಆಗ ನನಗೆ ಹತ್ತು ವರ್ಷ.

ಹದಿನೆಂಟಾದಾಗ ಚಾಪೆ ನೇಯುವವನೊಬ್ಬ ನಮ್ಮ ಬಾಗಿಲಿಗೆ ಬಂದ. ಒಳ್ಳೆಯ ಮನುಷ್ಯ. ಚಾಪೆ ಕೊಡುವ ನೆಪದಲ್ಲಿ ನಾಲ್ಕು ಸಲ ಬಂದ, ನಾಲ್ಕನೆಯ ಸಲ ಚಾಪೆಯೇ ಇರಲಿಲ್ಲ. "ನಿನ್ನನ್ನ ಏನಂತ ಕರೀಲಿ?" ಅಂದ. ನಾನು ತಿರುಗಿ ಒಳಗಿನ ಗಿಡದ ಕಡೆ ನೋಡಿದೆ. "ಗಿಡ ಹೂವು ಬಿಡಲಿ, ಕಾಯ್ತೀನಿ," ಅಂದ. ಎರಡು ವರ್ಷ ಕಾದ. ಆಮೇಲೆ ಹೆಸರಿರುವ ಒಬ್ಬಳನ್ನು ಮದುವೆಯಾದ. ಅವನನ್ನು ಬೈಯಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ದುಃಖವೂ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಅವನ ಮದುವೆಯ ದಿನ ನಾನು ಅವರೆಕಾಯಿ ಸುಲಿದೆ. ಎಲ್ಲ ಸುಲಿದು ಮುಗಿದ ಮೇಲೆ ಖಾಲಿ ಸಿಪ್ಪೆಗಳನ್ನೇ ಮತ್ತೆ ಬಿಡಿಸಿ ಬಿಡಿಸಿ ನೋಡುತ್ತಾ ಕೂತಿದ್ದೆನಂತೆ. ಎದುರು ಮನೆಯವಳು ಹೇಳಿದ್ದು, ನನಗೆ ನೆನಪಿಲ್ಲ.

ನನಗೆ ನಾನೇ ಒಂದೆರಡು ಹೆಸರು ಇಟ್ಟುಕೊಂಡೂ ನೋಡಿದೆ. ಬೇರೆಯವರ ಕುಪ್ಪಸ ತೊಟ್ಟ ಹಾಗಾಯಿತು, ಬಿಟ್ಟುಬಿಟ್ಟೆ. ನನಗೆ ಬೇಕಿದ್ದದ್ದು ನನ್ನದೇ ಹೆಸರು. ಅಪ್ಪ ಇಟ್ಟಿದ್ದು. ಅವ್ವನ ಬಾಯೊಳಗೆ ಹತ್ತೊಂಬತ್ತು ವರ್ಷದಿಂದ ಕೂತಿದ್ದು. ಲೋಕದಲ್ಲಿ ಇನ್ನೇನೂ ಬೇಡವಾಗಿತ್ತು ನನಗೆ.

ಹೀಗಿರುವಾಗ ಅವ್ವನಿಗೆ ಮರೆವು ಹತ್ತಿತು.

ಮೊದಲು ಸಾರಿಗೆ ಉಪ್ಪು ಮರೆತಳು. ಅದು ಎಲ್ಲರೂ ಮರೆಯುವಂಥದ್ದು. ಆಮೇಲೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದಳು. ಬಾಗಿಲಿಗೆ ಅಗುಳಿ ಹಾಕುವುದು ಮರೆತಳು. ನೀರಿಗೆ ಹೋದವಳು ಕೊಡ ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದಳು. ನಾನು ಅವಳ ಹಿಂದೆ ಹಿಂದೆ ಹೋಗಿ, ಅವ್ವ ಉಪ್ಪು, ಅವ್ವ ಬಾಗಿಲು, ಅವ್ವ ಕೊಡ, ಅನ್ನುತ್ತಿದ್ದೆ. ಗಿಡವನ್ನು ಮಾತ್ರ ಮರೆಯಲಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

ಒಂದು ದಿನ ನನ್ನನ್ನು ಕರೆಯಲು ಬಾಯಿ ತೆಗೆದಳು, ನಿಲ್ಲಿಸಿದಳು. ಬಾಯಿಗೆ ಬಂದ ಹೆಸರನ್ನು ಅವಳು ನುಂಗಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆಗ ಅವಳ ಕೆನ್ನೆ ಬಿಗಿಯುತ್ತಿತ್ತು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ. ಈ ಸಲ ಬಿಗಿಯಲಿಲ್ಲ. ಒಳಮನೆಗೆ ಏನಕ್ಕೋ ಬಂದು, ಏನಕ್ಕೆ ಬಂದೆ ಅಂತ ತಿಳಿಯದೆ ನಿಂತವರ ಮುಖ ಅದು. ಆಮೇಲೆ "ಇವಳೇ," ಅಂದಳು. ನನಗೆ ಭಯವಾಯಿತು. ಎಷ್ಟೋ ವರ್ಷದ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅವತ್ತೇ. ನನ್ನ ಹೆಸರು ಅವಳ ಬಾಯಿಂದ ಜಾರಿ ಹೋದರೆ ಲೋಕದಿಂದಲೇ ಹೋದ ಹಾಗೆ.

ನಾನು ಹೂವಾಡಗಿತ್ತಿಯ ಮನೆಗೆ ಹೋದೆ. ಅವಳದು ಊರಾಚೆ, ಬಂಡೆಯ ಮಗ್ಗುಲಲ್ಲಿ. ಮುದುಕಿ. ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಅವಳ ಸುತ್ತ ಮರದ ತುಂಡುಗಳಲ್ಲಿ ಸೀತಾಳೆಗಳು, ಒಂದೂ ನೋಡಲು ಲಕ್ಷಣವಾಗಿರಲಿಲ್ಲ. ಬಡಕಲು ಎಲೆ, ಬಿಳಿ ಬೇರು. ಎಲ್ಲದರಲ್ಲೂ ಮೊಗ್ಗು.

"ಎಲೆಮನೆ ಹುಡುಗಿಯಲ್ವಾ," ಅಂದಳು. "ಕೂತ್ಕೋ."

"ನಮ್ಮ ಗಿಡ ಯಾಕೆ ಹೂವು ಬಿಡಲ್ಲ ಅಜ್ಜಿ?"

"ನಿಮ್ಮ ಗಿಡಕ್ಕೆ ಏನು ಕಡಿಮೆಯಾಗಿದೆ ಅಂತ ಹೂವು ಬಿಡಬೇಕು ಮಗಳೇ?" ಅಂದಳು. "ಕಪ್ಪು ಹಸಿರು ಎಲೆ ಅಂದ್ರೆ ಗಿಡ ಉಂಡು ಮಲಗಿದೆ ಅಂತ. ನಾನು ಹೇಳಿದ್ದು ಮಾಡಬೇಕು. ಬೆಳಗಿನ ಎಳೆ ಬಿಸಿಲಿಗೆ ಹಿಡೀಬೇಕು, ಎಲೆ ಎಳೆ ಸೌತೆಕಾಯಿ ಬಣ್ಣಕ್ಕೆ ಬರಬೇಕು. ಗೊಬ್ಬರ ಗಂಜಲ ಅಕ್ಕಚ್ಚು ಎಲ್ಲ ನಿಲ್ಲಿಸಬೇಕು. ಬೇರು ಒಣಗಿ ಬೆಳ್ಳಗಾದ ಮೇಲೇ ಒಂದು ಗುಟುಕು ನೀರು. ಮಾರ್ಗಶಿರದ ಚಳಿಗೆ ಒಂದು ತಿಂಗಳು ಹೊರಗೆ ಬಿಡಬೇಕು, ಹೊದಿಕೆ ಇಲ್ಲದೆ. ಆವಾಗ ಅದಕ್ಕೆ ಗಾಬರಿಯಾಗ್ತದೆ. ಗಾಬರಿಯಾದ್ರೆ ಹೂವು."

"ಇಷ್ಟೇನಾ?"

"ಇಷ್ಟೇ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ನೀವು?"

"ಹೇಳ್ದೆ ಕಣೇ. ಹದಿನಾರು ವರ್ಷದ ಹಿಂದೆ, ಇದೇ ಜಾಗದಲ್ಲಿ ನಿಮ್ಮವ್ವ ಕೂತಿದ್ಳು. ಎಲ್ಲ ಕೇಳಿಸ್ಕೊಂಡ್ಳು. ತಲೆಯಾಡಿಸಿದ್ಳು. ಮನೆಗೆ ಹೋಗಿ ಗಿಡಕ್ಕೆ ಇನ್ನೊಂದು ಕಂಬಳಿ ಹೊದೆಸಿದ್ಳು."

ಬರುವ ದಾರಿಯಲ್ಲಿ ನನಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಹೊಲದ ಬದುವಿನ ಮೇಲೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹದಿನಾರು ವರ್ಷ, ಹದಿನಾರು ವರ್ಷ ಅಂದುಕೊಳ್ಳುತ್ತಾ ನಡೆದೆ. ಆ ಮಾತಿಗೂ ಅರ್ಥ ಹೋಗಿ ಬರೀ ಸದ್ದಾಯಿತು.

ಅವ್ವ ಸಂಜೆಯ ಒರೆಸುವಿಕೆಯಲ್ಲಿದ್ದಳು.

"ಅವ್ವ, ಅದನ್ನ ಹೊರಗಿಡು," ಅಂದೆ. "ಅಕ್ಕಚ್ಚು ನಿಲ್ಲಿಸು. ಹೂವು ಬಿಡ್ತದೆ."

ಅವಳು ತಿರುಗಲಿಲ್ಲ. "ಹಸಿದವರಿಗೆ ಅನ್ನ ಇಡಬೇಡ ಅಂತೀಯೇನೇ?"

"ಅದು ಗಿಡ ಅವ್ವ."

"ನನಗೆ ಗೊತ್ತು ಗಿಡ ಅಂತ. ಹುಚ್ಚಿಯಲ್ಲ ನಾನು."

"ಮತ್ತೆ?"

ಅವಳು ಒಂದು ಎಲೆ ಪೂರ್ತಿ ಒರೆಸಿದಳು. "ಹೂವು ಬಿಟ್ರೆ ಹೊಳೆಗೆ ಬಿಟ್ಟು ಬಾ ಅಂತಾರೆ. ಮಾರನೇ ದಿನ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ, ನೀನೇ ಹೇಳು."

"ನನ್ನ ಹೆಸರು?" ಅಂದೆ.

"ಭದ್ರವಾಗಿದೆ. ನನ್ನ ಹತ್ರ ಇದೆ. ಎಲ್ಲಿಗೆ ಹೋಗ್ತದೆ?" ಅಂದಳು. ಆಮೇಲೆ ಕೈಯಲ್ಲಿದ್ದ ಪಂಚೆಯ ತುಂಡನ್ನು ನೋಡಿ, "ಇದು ಯಾರದೇ?" ಅಂತ ಕೇಳಿದಳು.

ಕಾರ್ತಿಕ ಕಳೆಯಿತು. ಒಂದು ಬೆಳಿಗ್ಗೆ ಅವ್ವ ಎದ್ದಳು, ಮುಖ ತೊಳೆದಳು, ಒಲೆ ಮುಂದೆ ಕೂತಳು. ಕೂತೇ ಇದ್ದಳು. ಪಂಚೆಯ ತುಂಡು ಒಣಗಿಕೊಂಡು ಗೂಟದಲ್ಲಿ ತೂಗುತ್ತಿತ್ತು. ಅವ್ವ ಗಿಡ, ಅನ್ನಬೇಕಿತ್ತು ನಾನು. ಉಪ್ಪಿಗೆ ಅಂದವಳು, ಬಾಗಿಲಿಗೆ ಅಂದವಳು, ಕೊಡಕ್ಕೆ ಅಂದವಳು. ಎರಡು ಮಾತು. ಅನ್ನಲಿಲ್ಲ. ನಾನೂ ಹೋಗಿ ಅವಳ ಪಕ್ಕ ಕೂತೆ. ಇಬ್ಬರೂ ಬೆಂಕಿ ನೋಡಿದೆವು.

ಮರುದಿನ ಅವಳು ಅಕ್ಕಚ್ಚನ್ನು ಎದುರು ಮನೆಯವಳ ಹಸುವಿಗೆ ಹುಯ್ದಳು. ನಾನು ಏನೂ ಅನ್ನಲಿಲ್ಲ. ಚಳಿಯಾಗುತ್ತಿದೆ ಅಂತ ಗಿಡದ ಮೇಲಿನ ಕಂಬಳಿ ತೆಗೆದು ತಾನೇ ಹೊದ್ದಳು. ನಾನು ಏನೂ ಅನ್ನಲಿಲ್ಲ. ಕಿಟಕಿಯ ಕಪ್ಪು ಸೀರೆ ಬಿಚ್ಚಿ, ಅದರಲ್ಲಿ ಹುಣಸೆಹಣ್ಣು ಕಟ್ಟಿಟ್ಟಳು. ಹತ್ತೊಂಬತ್ತು ವರ್ಷದ ಮೇಲೆ ಆ ಕೋಣೆಗೆ ಬಿಸಿಲು ಬಿತ್ತು. ಅವ್ವ ಗಿಡವನ್ನು ನೋಡಿ, "ಯಾರೇ ಇದು, ಒಳಗೆ ಪೊದೆ ಬೆಳೆಸಿದ್ದು?" ಅಂತ ರೇಗಿ, ಮಂಚದ ಕಾಲಿನಿಂದ ಬೇರು ಬಿಡಿಸಿ, ಮರದ ತುಂಡಿನ ಸಮೇತ ಎಳೆದುಕೊಂಡು ಹೋಗಿ ಹಿತ್ತಲ ನುಗ್ಗೆಮರದ ಕವೆಯಲ್ಲಿ ಸಿಕ್ಕಿಸಿ ಬಂದಳು. ಕೈ ಅವಳದೇ, ಗಿಡ ಈಸಿಕೊಂಡ ಕೈ. ನಿಯಮ ಮುರಿಯಲಿಲ್ಲ. ನಾನು ಏನೂ ಅನ್ನಲಿಲ್ಲ.

ಏನೂ ಅನ್ನದೆ ಇರುವುದೂ ಒಂದು ಕೆಲಸವಾಗಿತ್ತು. ಬೆಳಿಗ್ಗೆ ಎದ್ದು ಏನೂ ಅನ್ನುತ್ತಿರಲಿಲ್ಲ, ಸಂಜೆ ಏನೂ ಅನ್ನುತ್ತಿರಲಿಲ್ಲ.

ಮಾರ್ಗಶಿರದ ಚಳಿ ಗಿಡದ ಮೇಲೆ ಬಿತ್ತು. ಎಲೆಗಳ ಕಪ್ಪು ಇಳಿಯಿತು, ಹಳದಿ ಬೆರೆಯಿತು. ಕೆಳಗಿನ ಎರಡು ಎಲೆ ಉದುರಿದವು. ಬೇರು ಒಣಗಿ ಬೆಳ್ಳಗಾಯಿತು. ಅದೇ ದಿನಗಳಲ್ಲಿ ಅವ್ವ ಸೌಟನ್ನು ಏನಕ್ಕೆ ಹಿಡಿಯುತ್ತಾರೆ ಅಂತ ಮರೆತಳು. ಮಧ್ಯಾಹ್ನ ಯಾವುದು ಸಂಜೆ ಯಾವುದು ಮರೆತಳು. ಆಗ ನನಗೆ ಗೊತ್ತಾಯಿತು. ಅವ್ವ ಎಲ್ಲವನ್ನೂ ಆ ಎಲೆ ಒರೆಸುವುದಕ್ಕೆ ಗಂಟು ಹಾಕಿ ಇಟ್ಟುಕೊಂಡಿದ್ದಳು. ಎಲೆ ಒರೆಸಿದ ಮೇಲೆ ಒಲೆ, ಒಲೆಯಾದ ಮೇಲೆ ನೀರು, ನೀರಾದ ಮೇಲೆ ನಾನು. ಮೊದಲನೆಯ ಗಂಟು ಬಿಚ್ಚಿದ ಮೇಲೆ ಉಳಿದವೂ ಒಂದೊಂದಾಗಿ ಬಿಚ್ಚಿಕೊಂಡವು. ಅವತ್ತೂ ನಾನು ಪಂಚೆಯ ತುಂಡನ್ನು ಒದ್ದೆ ಮಾಡಿ ಅವಳ ಕೈಗೆ ಕೊಡಬಹುದಿತ್ತು. ಕೊಟ್ಟಿದ್ದರೆ ಅವಳ ಕೈ ತಾನಾಗಿ ಮೇಲಿನಿಂದ ಕೆಳಗೆ ಹೋಗುತ್ತಿತ್ತು, ಕೆಳಗಿನಿಂದ ಮೇಲೆ ಬರುತ್ತಿತ್ತು. ಕೊಡಲಿಲ್ಲ. ನಾನು ಒಳ್ಳೆಯವಳು ಅಂತ ಯಾರಿಗೂ ಹೇಳಿಲ್ಲ.

ಪುಷ್ಯದ ನಡುವೆ ಒಂದು ಎಲೆಯ ಕಂಕುಳಲ್ಲಿ ಏನೋ ಮೂಡಿತು. ಅಕ್ಕಿಕಾಳಿನಷ್ಟು. ಬೇರಿರಬೇಕು ಅಂದುಕೊಂಡೆ. ಬೇರು ಕೆಳಗೆ ಹೋಗಿ ಮರ ಹುಡುಕುತ್ತದೆ. ಇದು ಮರದ ಕಡೆ ಹೋಗದೆ ಹೊರಗೆ ಚಾಚಿತು. ಹೂವಾಡಗಿತ್ತಿ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಹೂವಿನ ಕಡ್ಡಿ," ಅಂದಳು. "ಇನ್ನು ಎರಡು ತಿಂಗಳು. ಅವಸರ ಮಾಡಬೇಡ."

ಅವಸರ ಮಾಡುವುದು ನನ್ನ ಕೈಯಲ್ಲೇನಿತ್ತು? ಒಂದು ಕಡೆ ಕಡ್ಡಿ ದಿನಕ್ಕೊಂದು ಗುಲಗಂಜಿಯಷ್ಟು ಬೆಳೆಯಿತು. ಇನ್ನೊಂದು ಕಡೆ ಅವ್ವ ದಿನಕ್ಕೊಂದು ಮಾತು ಮರೆತಳು. ನಾನು ಹಿತ್ತಲಿಗೂ ಜಗಲಿಗೂ ತಿರುಗಿದೆ. ಹಿತ್ತಲಿಗೆ ಹೋಗಿ ಬೇಗ ಬೇಗ ಅಂದೆ, ಜಗಲಿಗೆ ಬಂದು ನಿಧಾನ ನಿಧಾನ ಅಂದೆ. ಯಾವುದೂ ನನ್ನ ಮಾತು ಕೇಳಲಿಲ್ಲ.

ಫಾಲ್ಗುಣದ ಒಂದು ಬೆಳಿಗ್ಗೆ ಹೂವು ಬಿಟ್ಟಿತು. ಒಂದು ಕಡ್ಡಿಯಲ್ಲ, ಏಳು. ಹತ್ತೊಂಬತ್ತು ವರ್ಷ ಉಂಡದ್ದನ್ನೆಲ್ಲ ಗಿಡ ಒಟ್ಟಿಗೆ ಹೊರಗೆ ಹಾಕಿದ ಹಾಗಿತ್ತು. ಬಿಳಿ ಹೂವು, ಒಳಗೆ ನೇರಳೆ ಚುಕ್ಕಿ, ಕೊಂಬೆಯಿಂದ ನೆಲದ ತನಕ. ಸುದ್ದಿ ಹೋಗಿ ಬೀದಿ ತುಂಬ ಜನ ಬಂದರು. ಹೂವಾಡಗಿತ್ತಿ ಅವ್ವನ ಕೈಗೆ ಕುಡುಗೋಲು ಕೊಟ್ಟಳು, ಇಲ್ಲಿ ಕೊಯ್ಯಿ ಅಂದಳು, ಅವ್ವ ಕೊಯ್ದಳು. ಹೊಳೆಯ ಮೆಟ್ಟಿಲಲ್ಲಿ ಬಿಡು ಅಂದಳು, ಅವ್ವ ಬಿಟ್ಟಳು. ಹೂವು ತಿರುಗುತ್ತಾ ಹೋಯಿತು. ಅವ್ವ ಅದನ್ನು ನೋಡಲೂ ಇಲ್ಲ, ಒದ್ದೆಯಾದ ಸೆರಗು ಹಿಂಡಿಕೊಳ್ಳುತ್ತಿದ್ದಳು.

ಮನೆಗೆ ಬಂದು ಅವಳನ್ನು ಹೊಸ್ತಿಲ ಮೇಲೆ ನಿಲ್ಲಿಸಿದರು. ನಾನು ಅಂಗಳದಲ್ಲಿ ನಿಂತೆ.

"ಕರಿ ತಾಯಿ," ಅಂದಳು ಹೂವಾಡಗಿತ್ತಿ. "ಈಗ ಕರೀಬಹುದು."

ಅವ್ವ ಎಲ್ಲರ ಮುಖ ನೋಡಿದಳು. ನನ್ನ ಮುಖವನ್ನೂ ನೋಡಿದಳು, ಎಲ್ಲರದ್ದನ್ನು ನೋಡಿದಷ್ಟೇ ಹೊತ್ತು. ಆಮೇಲೆ ಪಕ್ಕದವಳ ಕಡೆ ಬಾಗಿ, "ಯಾರ ಮದುವೆ?" ಅಂತ ಕೇಳಿದಳು.

ಯಾರೂ ನಗಲಿಲ್ಲ. ಎದುರು ಮನೆಯವಳು ಕಣ್ಣೀರು ಹಾಕಿಕೊಂಡು ಬಂದು ಅವ್ವನ ಕೈ ಹಿಡಿದು, "ಸಾತವ್ವಾ, ಸಾತವ್ವಾ," ಅಂದಳು. ಅವ್ವನ ಹೆಸರು ನಾನು ಕೇಳಿದ್ದು ಅದೇ ಮೊದಲು. ಅವ್ವ ಥಟ್ಟನೆ ತಿರುಗಿ, "ಓ," ಅಂದಳು, ಸಣ್ಣ ಹುಡುಗಿಯ ಹಾಗೆ. ಅವಳಿಗೆ ಅವಳ ಹೆಸರು ಸಿಕ್ಕಿತು. ಜನ ಸ್ವಲ್ಪ ಹೊತ್ತು ನಿಂತು, ಒಬ್ಬೊಬ್ಬರಾಗಿ, ಮೆಲ್ಲಗೆ, ಮನೆಗೆ ಹೋದರು. ಹೂವಾಡಗಿತ್ತಿ ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟಳು.

ನಾನು ಕಸಬರಿಗೆ ತಗೊಂಡೆ. ಜನ ತುಳಿದ ಅಂಗಳ ಗುಡಿಸಿದೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ನಾನೇ ಮಾಡಿದ್ದು, ನಾನೇ ಮಾಡಿದ್ದು ಅಂತ ಕಸಬರಿಗೆ ಸದ್ದು ಮಾಡುತ್ತಿತ್ತು. ಅಳು ಬರಲಿ ಅಂತ ಕಾದೆ. ಇನ್ನು ಅಳಬಹುದಲ್ಲ, ಗಿಡ ಹೂವು ಬಿಟ್ಟಿದೆಯಲ್ಲ. ಬರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಹುಡುಗರು ಬೀದಿಯಲ್ಲಿ ಆಡಿ ಮನೆಗೆ ಹೋಗುವ ಹೊತ್ತು. ಅವ್ವ ಜಗಲಿಯಿಂದ ಎದ್ದು ಅಂಗಳಕ್ಕೆ ಬಂದು, ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಅವಳ ಮುಖದಲ್ಲಿ ಗಾಬರಿಯಿತ್ತು. ಆಮೇಲೆ ನನ್ನನ್ನು ಕಂಡಳು. ದಾರಿಹೋಕರನ್ನು ಮಾತಾಡಿಸುವ ಹಾಗೆ, ಮರ್ಯಾದೆಯಿಂದ ಮಾತಾಡಿಸಿದಳು.

"ಆ ಕಡೆಯಿಂದ ಬಂದ್ರಾ ತಾಯಿ? ನಮ್ಮ ಕೂಸನ್ನ ಎಲ್ಲಾದ್ರೂ ನೋಡಿದ್ರಾ?"

"ಯಾವ ಕೂಸು?"

"ನನ್ನ ಮಗಳು. ಇಷ್ಟುದ್ದ ಇದಾಳೆ," ಅಂತ ಮಂಡಿಯ ಹತ್ತಿರ ಕೈ ತೋರಿಸಿದಳು. "ಆಡಕ್ಕೆ ಹೋದೋಳು ಇನ್ನೂ ಬಂದಿಲ್ಲ. ಅವರಪ್ಪ ಬರೋ ಹೊತ್ತಾಯ್ತು. ಅವಳ ಮುಖ ನೋಡದೆ ಅವರು ಕೈಕಾಲೂ ತೊಳೆಯಲ್ಲ."

ನನ್ನ ಕೈಯಿಂದ ಕಸಬರಿಗೆ ಬಿತ್ತು. "ನಾನು ಹುಡುಕ್ತೀನಿ," ಅಂದೆ. "ಏನಂತ ಕರೀಲಿ? ಹೆಸರೇನು?"

ಅವ್ವ ಅನುಮಾನದಿಂದ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಹೊರಗಿನವರಿಗೆ ಹೇಳಬಾರದು. ಇನ್ನೂ ಐದು ತುಂಬಿಲ್ಲ."

"ಹೌದು," ಅಂದೆ. "ಹೇಳಬಾರದು." ನನ್ನ ಪ್ರಾಣವೆಲ್ಲ ಅವಳ ತುಟಿಯ ಮೇಲಿತ್ತು.

ಅವಳು ಮತ್ತೆ ಬೀದಿ ನೋಡಿದಳು. ಬಿಸಿಲು ಗೋಡೆ ಬಿಟ್ಟು ಸೂರಿಗೆ ಹತ್ತಿತ್ತು. "ಆದ್ರೆ ಗುರುತಿಲ್ಲದೋರು ಕೂಸೇ ಅಂದ್ರೆ ಅವಳು ಬರಲ್ಲ," ಅಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಹೆಸರು ಗೊತ್ತಿದ್ರೆ, ಮನೆಯೋರೇ ಇರಬೇಕು ಅಂದ್ಕೊಂಡು ಬರ್ತಾಳೆ. ಬಗ್ಗಿ ತಾಯಿ. ಇನ್ನೂ ಬಗ್ಗಿ."

ನಾನು ಬಗ್ಗಿದೆ. ಅವ್ವ ನನ್ನ ಕಿವಿಗೆ ಕೈ ಅಡ್ಡ ಹಿಡಿದು, ಉಸಿರಿನಲ್ಲಿ ಹೇಳಿದಳು.

"ದೇವೀರಿ."

ಏನೋ ಆಗುತ್ತದೆ ಅಂದುಕೊಂಡಿದ್ದ ಮಾತು. ಕೇಳಿದ ಕೂಡಲೇ ಒಳಗೆ ಯಾರೋ ಎದ್ದು ನಿಲ್ಲುತ್ತಾರೆ ಅಂದುಕೊಂಡಿದ್ದೆ. ಯಾರೂ ಏಳಲಿಲ್ಲ. ಯಾರದೋ ಮನೆಯ ಮಗುವಿನ ಹೆಸರು ಕೇಳಿದ ಹಾಗೆ ಕೇಳಿಸಿತು. ಚೆಂದದ ಹೆಸರು.

"ಯಾರಿಗೂ ಹೇಳಬೇಡಿ ಮತ್ತೆ," ಅಂದಳು ಅವ್ವ. "ಬನ್ನಿ, ನೀವೇ ಕರೀರಿ. ನನ್ನ ಗಂಟಲು ಅಷ್ಟು ದೂರ ಹೋಗಲ್ಲ."

ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಬೀದಿಗೆ ಇಳಿದೆವು. ಎದುರು ಮನೆ ದಾಟಿದೆವು. ಚಾಪೆ ನೇಯುವವನ ಮನೆ ದಾಟಿದೆವು. ಬೀದಿ ಹೊಳೆಯ ಕಡೆ ತಿರುಗುವಲ್ಲಿ ಅವ್ವ ನಿಂತಳು. "ಇಲ್ಲಿಂದ ಕರೀರಿ," ಅಂದಳು.

ನಾನು ಬಾಯಿ ತೆಗೆದೆ. ಇಪ್ಪತ್ತೆರಡು ವರ್ಷದ ಬಾಯಿಗೆ ಅದು ಹೊಸ ರುಚಿ. "ದೇವೀರಿ," ಅಂದೆ, ಮೆಲ್ಲಗೆ. ಆಮೇಲೆ ಸ್ವಲ್ಪ ಗಟ್ಟಿಯಾಗಿ. ಆಮೇಲೆ ಹೊಟ್ಟೆಯೊಳಗಿನಿಂದ, ಎರಡು ಕೈಯನ್ನೂ ಬಾಯಿಯ ಪಕ್ಕ ಇಟ್ಟುಕೊಂಡು, "ದೇವೀರೀ..." ಅಂತ ಕೂಗಿದೆ. ಜನ ಹೊಸ್ತಿಲಿಗೆ ಬಂದು ನಿಂತರು. ನನ್ನ ಕೆನ್ನೆ ಒದ್ದೆಯಾಗಿತ್ತು, ಯಾವಾಗ ಒದ್ದೆಯಾಯಿತೋ ಗೊತ್ತಾಗಲಿಲ್ಲ.

ಅವ್ವ ಕಿವಿಗೊಟ್ಟು ಕೇಳುತ್ತಿದ್ದಳು. "ಓ ಅಂದಳಾ?"

"ಇಲ್ಲ," ಅಂದೆ.

"ಇನ್ನೊಂದು ಸಲ ಕರೀರಿ," ಅಂದಳು. "ಅವಳು ಮೊದಲನೇ ಸಲಕ್ಕೆ ಯಾವತ್ತೂ ಬರೋಳಲ್ಲ."

ನಾನು ಇನ್ನೊಂದು ಸಲ ಕರೆದೆ.